ಬೆಟರ್ ಕಾಲ್ ಸಾಲ್: ಬ್ರೇಕಿಂಗ್ ಬ್ಯಾಡ್ ಮುಗಿಸಿದ್ಮೇಲೇ ನೋಡಿ

ಎರಡೂ ಸೀರೀಸ್ ಮುಗಿಸದೇ ಇರೋರು ಈ ಪ್ಯಾರಾ ಓದಿ ಇಲ್ಲಿಗೇ ನಿಲ್ಲಿಸಿಬಿಡಿ, ಕೆಳಗೆ ಯಾರು ಸಾಯ್ತಾರೆ ಯಾರು ಉಳ್ಕೋತಾರೆ ಎಲ್ಲಾ ಇದೆ. ನಿಮಗೆ ಹೇಳೋದು ಇಷ್ಟೇ, ಬೆಟರ್ ಕಾಲ್ ಸಾಲ್ ಅಂದ್ರೆ ಬ್ರೇಕಿಂಗ್ ಬ್ಯಾಡ್‌ನ ಲಾಯರ್ ಸಾಲ್‌ನ ಹಿಂದಿನ ಕಥೆ, ಕಥೆ ಪ್ರಕಾರ ಸಾಲ್‌ದು ಮೊದ್ಲು ಬರತ್ತೆ ಅಂತ ಅದನ್ನೇ ಮೊದ್ಲು ನೋಡೋಕೆ ಹೋಗ್ಬೇಡಿ. ಮೊದಲ ಎಪಿಸೋಡ್‌ನ ಮೊದಲ ಸೀನೇ ಬ್ರೇಕಿಂಗ್ ಬ್ಯಾಡ್ ಮುಗಿದ್ಮೇಲಿನ ಕಥೆ, ಕಪ್ಪು ಬಿಳುಪಿನಲ್ಲಿ, ಒಮಾಹಾದ ಒಂದು ಮಾಲ್‌ನಲ್ಲಿ ಮೀಸೆ ಬಿಟ್ಕೊಂಡು ಕನ್ನಡಕ ಹಾಕ್ಕೊಂಡು ರೋಲ್ ಬೇಯಿಸ್ತಾ ನಿಂತಿರೋ ಒಬ್ಬ ಹೆದರುಪುಕ್ಕಲ. ಅವನು ಯಾರು, ಯಾಕೆ ಹಿಂಗೆ ಬಾಗಿಲ ಕಡೆ ನೋಡಿ ನೋಡಿ ಸಾಯ್ತಿದಾನೆ ಅಂತ ಗೊತ್ತಿಲ್ದೇ ನೋಡಿದ್ರೆ ಏನೂ ಅನ್ಸಲ್ಲ. ಅದೇ ಎಪಿಸೋಡ್ ಕೊನೇಲಿ ಬಾಗಿಲು ತೆಗ್ದು ಟೂಕೋ ಮುಖ ಹೊರಗೆ ಬರತ್ತಲ್ಲ, ಅಲ್ಲಿ ಕುರ್ಚಿಯಿಂದ ಎದ್ದು ಕೂತ್ಕೋಬೇಕು ಅಂದ್ರೆ ಟೂಕೋ ಎಂಥವನು ಅಂತ ಮೊದ್ಲೇ ಗೊತ್ತಿರ್ಬೇಕು.

ಈಗ ನೋಡಿರೋರಿಗೆ. ಪ್ರೀಕ್ವೆಲ್ ಅಂದಕೂಡ್ಲೇ ಎಲ್ಲರೂ ಕೇಳೋದು ಒಂದೇ, ಮೈಕ್ ಬದುಕ್ತಾನೆ, ಗಸ್ ಬದುಕ್ತಾನೆ, ಸಾಲ್ ಬದುಕ್ತಾನೆ ಅಂತ ಗೊತ್ತಿದೆಯಲ್ಲ, ಇನ್ನು ಟೆನ್ಷನ್ ಎಲ್ಲಿಂದ ಬರ್ಬೇಕು ಅಂತ. ಸೀರೀಸ್ ಮಾಡಿದ ವಿನ್ಸ್ ಗಿಲಿಗನ್, ಪೀಟರ್ ಗೌಲ್ಡ್ ಇಬ್ಬರೂ ಈ ಪ್ರಶ್ನೆಯನ್ನೇ ಬಂಡವಾಳ ಮಾಡ್ಕೊಂಡಿದಾರೆ. ಗೊತ್ತಿರೋರ ಬಗ್ಗೆ ಭಯ ಬೇಡ, ಹಳೇ ಸೀರೀಸ್‌ನಲ್ಲಿ ಹೆಸರೇ ಇಲ್ದೇ ಇರೋರ ಬಗ್ಗೆ ಭಯ ಪಡಿ ಅಂತ. ಸಾಲ್‌ನ ಜೊತೆಗಾತಿ, ಲಾಯರ್ ಕಿಮ್ ವೆಕ್ಸ್ಲರ್ ಬ್ರೇಕಿಂಗ್ ಬ್ಯಾಡ್‌ನ 62 ಎಪಿಸೋಡ್‌ನಲ್ಲಿ ಎಲ್ಲೂ ಇಲ್ಲ, ಒಂದು ಮಾತಿನಲ್ಲೂ ಇಲ್ಲ. ಹಾಗಿದ್ರೆ ಇವಳಿಗೆ ಏನಾಯ್ತು? ಸತ್ಳಾ, ಜೈಲಿಗೆ ಹೋದ್ಳಾ, ಬಿಟ್ಟು ಹೋದ್ಳಾ? 2015ರಿಂದ 2022ರವರೆಗೆ ಈ ಒಂದು ಪ್ರಶ್ನೆ ಇಟ್ಕೊಂಡು ಫ್ಯಾನ್ಸ್ ಎಲ್ಲಾ ಉಗುರು ಕಚ್ಕೊಂಡು ಕೂತಿದ್ರು, ಕಿಮ್ ಪಾತ್ರದ ರೀಯಾ ಸೀಹಾರ್ನ್ ಬರೀ ಜುಟ್ಟು ಸರಿ ಮಾಡ್ಕೊಂಡ್ರೂ ಅಯ್ಯೋ ಇವಳಿಗೇನೋ ಕಾದಿದೆ ಅನ್ಸೋದು. ಆದ್ರೆ ಕೊನೇಲಿ ಗುಂಡು ಬಿದ್ದಿದ್ದು ಪಾಪ ಲಾಯರ್ ಹೋವರ್ಡ್‌ಗೆ! ಆ ಸೀನ್‌ನಲ್ಲಿ ಡ್ರಗ್ ಕಾರ್ಟೆಲ್‌ನ ಲಾಲೋ ಒಳಗೆ ಬರುವಾಗ ಮೇಣದ ಬತ್ತಿ ಜ್ವಾಲೆ ಸ್ವಲ್ಪ ಅಲ್ಲಾಡತ್ತೆ ನೋಡಿ, ಇಡೀ ಕ್ರೈಮ್ ಡ್ರಾಮಾ ಜಾತಿಯಲ್ಲೇ ಅಂಥ ಎಂಟ್ರಿ ಕಮ್ಮಿ.

ಆದ್ರೂ ನನ್ನ ಮಟ್ಟಿಗೆ ಸೀರೀಸ್‌ನ ಜೀವ ಇರೋದು ಗನ್‌ಗಳಲ್ಲಲ್ಲ, ಅಣ್ಣ ತಮ್ಮಂದಿರ ಜಗಳದಲ್ಲಿ. ಚಕ್ ದೊಡ್ಡ ಲಾಯರ್, ಕರೆಂಟ್ ಅಂದ್ರೆ ಆಗಲ್ಲ ಅಂತ ಮನೆಯಲ್ಲಿ ಲಾಟೀನು ಹಚ್ಕೊಂಡು ಬೆಳ್ಳಿ ಬಣ್ಣದ ಶೀಟ್ ಹೊದ್ಕೊಂಡು ಕೂತಿರ್ತಾನೆ, ತಮ್ಮ ಜಿಮ್ಮಿ (ಮುಂದೆ ಸಾಲ್ ಆಗೋನು ಇವನೇ) ಐಸು ದಿನಸಿ ಎಲ್ಲಾ ತಂದುಕೊಟ್ಟು ಸೇವೆ ಮಾಡ್ತಿರ್ತಾನೆ, ಅದೇ ಅಣ್ಣ ಹಿಂದಿನಿಂದ ತಮ್ಮನಿಗೆ ಫರ್ಮ್‌ನಲ್ಲಿ ಕೆಲಸ ಸಿಗದ ಹಾಗೆ ಮಾಡಿರ್ತಾನೆ. ಮೂರನೇ ಸೀಸನ್ ಐದನೇ ಎಪಿಸೋಡ್‌ನಲ್ಲಿ ವಕೀಲರ ಸಂಘದ (ಬಾರ್) ವಿಚಾರಣೆ ಬರತ್ತಲ್ಲ, ಚಕ್ ಜೇಬಿನಲ್ಲಿ ಅವನಿಗೇ ಗೊತ್ತಿಲ್ದೇ ಫುಲ್ ಚಾರ್ಜ್ ಇರೋ ಬ್ಯಾಟರಿ ಒಂದು ಗಂಟೆ 43 ನಿಮಿಷ ಇತ್ತು ಅಂತ ಜಿಮ್ಮಿ ತೋರಿಸ್ತಾನೆ, ಚಕ್ ಒಡೆದುಹೋಗಿ ತಮ್ಮನ ಮೇಲಿರೋ ವರ್ಷಗಳ ಹೊಟ್ಟೆಕಿಚ್ಚೆಲ್ಲಾ ಎಲ್ಲರ ಮುಂದೆ ಕಕ್ಕಿಬಿಡ್ತಾನೆ. ಬರೀ ಒಂದು ರೂಮು, ನಾಲ್ಕು ಟೇಬಲ್ಲು, ಮಾತು. ಮಜಾ ಏನಂದ್ರೆ ಚಕ್ ಹೇಳೋದೆಲ್ಲಾ ನಿಜ, ಜಿಮ್ಮಿ ಚಕ್‌ನ ಕ್ಲೈಂಟ್ ಬ್ಯಾಂಕ್‌ನ ಕಾಗದಗಳಲ್ಲಿ ವಿಳಾಸದ 1216ನ್ನ 1261 ಮಾಡಿದ್ದೂ ನಿಜ, ಆದ್ರೂ ನಾವು ಜಿಮ್ಮಿ ಗೆಲ್ಲಲಿ ಅಂತಾನೇ ಕೂತಿರ್ತೀವಿ, ಆಮೇಲೆ ಚಕ್ ಮುಖ ನೋಡಿ ಥೂ ಅನ್ಸತ್ತೆ. ವಾಲ್ಟ್‌ಗೆ ಕೊನೇವರೆಗೂ ಸಪೋರ್ಟ್ ಮಾಡಿ ಅವನ ಹೆಂಡತಿ ಸ್ಕೈಲರ್‌ನ ಬೈತಿದ್ದ ಫ್ಯಾನ್ಸ್ ಇದಾರಲ್ಲ, ಅವರಿಗೆ ಈ ಎಪಿಸೋಡ್ ಎರಡು ಸಲ ತೋರಿಸ್ಬೇಕು.

ಕೊರತೆ ಇಲ್ಲ ಅಂತಲ್ಲ, ಇದೆ. ಸ್ಲೋ ಅಂತ ಬೈಯೋರದ್ದು ಪೂರ್ತಿ ತಪ್ಪಲ್ಲ. ನಾಲ್ಕನೇ ಸೀಸನ್‌ನಲ್ಲಿ ಆ ಜರ್ಮನ್ನರು ಬಂದು ಲಾಂಡ್ರಿ ಕೆಳಗೆ ಗಸ್‌ನ ಡ್ರಗ್ ಲ್ಯಾಬ್ ಅಗೆಯೋದು ಇದೆಯಲ್ಲ, ವರ್ನರ್ ಪಾತ್ರ ಚೆನ್ನಾಗಿದೆ ಒಪ್ಕೋತೀನಿ, ಆದ್ರೆ ಆ ಲ್ಯಾಬ್ ಆಗೇ ಆಗತ್ತೆ ಅಂತ ಗೊತ್ತಿರುವಾಗ ಅಷ್ಟೊಂದು ಅಗೆಯೋದು ಯಾಕೆ ಸ್ವಾಮಿ. ಎಷ್ಟೋ ಎಪಿಸೋಡ್‌ಗಳಲ್ಲಿ ಕೋರ್ಟ್ ಕಥೆ ಒಂದು ಕಡೆ, ಕಾರ್ಟೆಲ್ ಕಥೆ ಒಂದು ಕಡೆ, ಎರಡು ಬೇರೆ ಬೇರೆ ಸೀರೀಸ್‌ನ ಕತ್ತರಿಸಿ ಅಂಟಿಸಿದ ಹಾಗೆ ಕಾಣತ್ತೆ. ಐದನೇ ಸೀಸನ್‌ನಲ್ಲಿ ಸಾಲ್ 70 ಲಕ್ಷ ಡಾಲರ್ ಬ್ಯಾಗ್ ಹೊತ್ಕೊಂಡು ಮೈಕ್ ಜೊತೆ ಮರುಭೂಮಿಯಲ್ಲಿ ಒದ್ದಾಡ್ತಾನಲ್ಲ, ಅಲ್ಲಿಂದ ಎರಡೂ ಗಟ್ಟಿಯಾಗಿ ಕೂಡ್ಕೊಳತ್ತೆ. ಇನ್ನು ವಯಸ್ಸು, ಕಥೆ ವರ್ಷಗಳ ಹಿಂದಿಂದು ಆದ್ರೆ ಮೈಕ್ ಪಾತ್ರದ ಜೊನಾಥನ್ ಬ್ಯಾಂಕ್ಸ್ ಇನ್ನೂ ವಯಸ್ಸಾದ ಹಾಗೆ ಕಾಣ್ತಾರೆ, ಅದಕ್ಕೆ ಯಾರೇನು ಮಾಡೋಕಾಗತ್ತೆ, ಬಿಟ್ಟುಬಿಡಿ.

ಯಾವುದು ದೊಡ್ಡದು ಅನ್ನೋ ಜಗಳ ಮುಗಿಯೋದಲ್ಲ. ಒಂದೇ ಉಸಿರಲ್ಲಿ ಎಳ್ಕೊಂಡು ಹೋಗೋದ್ರಲ್ಲಿ ಬ್ರೇಕಿಂಗ್ ಬ್ಯಾಡ್‌ಗೆ ಸಮ ಇಲ್ಲ, ಮನುಷ್ಯರನ್ನ ಬರೆಯೋದ್ರಲ್ಲಿ ನನ್ನ ಓಟು ಸಾಲ್‌ಗೆ. 53 ಎಮ್ಮಿ ನಾಮಿನೇಷನ್, ಗೆದ್ದಿದ್ದು ಸೊನ್ನೆ, ಆರನೇ ಸೀಸನ್ ಶೂಟಿಂಗ್ ಮಧ್ಯ ಹಾರ್ಟ್ ಅಟ್ಯಾಕ್ ಆಗಿ ವಾಪಸ್ ಬಂದು ನಟಿಸಿದ, ಸಾಲ್ ಪಾತ್ರದ ಬಾಬ್ ಓಡೆನ್‌ಕರ್ಕ್‌ಗೂ ಕೊಡ್ಲಿಲ್ಲ, ಅವಾರ್ಡ್ ಕೊಡೋರ ಕಣ್ಣಿಗೆ ಏನಾಗಿತ್ತೋ. ಕೊನೇ ಎಪಿಸೋಡ್ ಬಗ್ಗೆ ಮಾತ್ರ ಜನ ಎರಡು ಭಾಗ. ಮಾತಲ್ಲೇ 7 ವರ್ಷಕ್ಕೆ ಇಳಿಸ್ಕೊಂಡಿದ್ದ ಶಿಕ್ಷೆನ ಸಾಲ್ ಕಿಮ್ ಮುಂದೆ ನಿಜ ಹೇಳಿ 86 ವರ್ಷ ಮಾಡ್ಕೋತಾನಲ್ಲ, ಅದು ಅವನ ಸ್ವಭಾವ ಅಲ್ಲ ಅಂತ ಕೆಲವರು. ನಂಗೆ ಸರಿಯಾಗೇ ಅನ್ಸತ್ತೆ, ಯಾಕಂದ್ರೆ ಕೋರ್ಟಲ್ಲಿ ಅವನು ಚಕ್ ಹೆಸರು ತೆಗೀತಾನೆ, ವರ್ಷಗಟ್ಟಲೆ ಬಾಯಿಗೇ ತರದೇ ಇದ್ದ ವಿಷಯ ಅದು.

ಇದಾದ್ಮೇಲೆ ಬ್ರೇಕಿಂಗ್ ಬ್ಯಾಡ್ ಎರಡನೇ ಸೀಸನ್ ಎಂಟನೇ ಎಪಿಸೋಡ್ ಒಂದ್ಸಲ ಹಾಕ್ಕೊಂಡು ನೋಡಿ, 2009ರದ್ದು. ವಾಲ್ಟ್, ಜೆಸ್ಸಿ ಮುಸುಕು ಹಾಕ್ಕೊಂಡು ಸಾಲ್‌ನ ಮರುಭೂಮಿಗೆ ಹೊತ್ಕೊಂಡು ಹೋದಾಗ ಅವನು ನಾನಲ್ಲ ಇಗ್ನಾಸಿಯೋ ಮಾಡಿದ್ದು, ಲಾಲೋ ಕಳಿಸಿದ್ನಾ ಅಂತ ಬಡಬಡಿಸ್ತಾನೆ. ಆಗ ಅದು ಬರೀ ಕಾಮಿಡಿ, ಆ ಹೆಸರುಗಳಿಗೆ ಹಿಂದೆ ಮುಂದೆ ಇರ್ಲಿಲ್ಲ. ಈಗ ಗೊತ್ತು, ಇಗ್ನಾಸಿಯೋ ಅಂದ್ರೆ ಕಾರ್ಟೆಲ್‌ನಲ್ಲಿದ್ದ ನಮ್ಮ ನಾಚೋ, ಅವನು ಸತ್ತು ವರ್ಷಗಳಾಗಿವೆ, ಲಾಲೋ ಹೋವರ್ಡ್ ಇಬ್ಬರೂ ಆ ಲ್ಯಾಬ್‌ನ ನೆಲದಡಿ ಇದಾರೆ. ಲಾಲೋ ಸತ್ತ ಅಂತ ಸಾಲ್‌ಗೆ ಹೇಳಿದ್ರೂ ನಂಬೋಕಾಗ್ತಿಲ್ಲ, ಒಂದ್ಸಲ ಹಂಗೆ ಹೇಳಿದ್ಮೇಲೂ ಅವನು ಬಾಗಿಲಿಗೆ ಬಂದು ನಿಂತಿದ್ದನಲ್ಲ. ಎಲ್ಲೋ ಬಾಯಿಗೆ ಬಂದ ಎರಡು ಹೆಸರು ಇಟ್ಕೊಂಡು 63 ಎಪಿಸೋಡ್ ಕಟ್ಟಿ, ಹಳೇ ಸೀನ್‌ಗೇ ಹೊಸ ಅರ್ಥ ಕೊಟ್ಟಿದಾರೆ. ಮೂರನೇ ಸೀಸನ್‌ನಲ್ಲಿ ವಾಲ್ಟ್, ಜೆಸ್ಸಿ ಆ ಲ್ಯಾಬ್‌ಗೆ ಕಾಲಿಟ್ಟಾಗ ನೆಲ ನೋಡೋದು ಮರೀಬೇಡಿ.