ಐಪಿ65 ಅಂತ ಕೊಡುವ ಪಿಕ್ಸೆಲ್ ಬಾಕ್ಸ್: ದುಡ್ಡು ಕೊಡುವ ಮೊದಲು ಮುಚ್ಚಳ ತೆಗೆಸಿ ನೋಡಿ

ಮಂಗಳೂರು, ಉಡುಪಿ ಕಡೆ ದಸರಾ, ದೀಪಾವಳಿ, ಕ್ರಿಸ್ಮಸ್‌ಗೆ ಪಿಕ್ಸೆಲ್ ಲೈಟ್ (ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸುವ ಎಲ್‌ಇಡಿ ಮಾಲೆ) ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಣ್ಣ ಬದಲಿಸುವ ಕಂಟ್ರೋಲರ್ ಬೋರ್ಡು, 230 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ಸು ಎರಡನ್ನೂ ಒಂದೇ ಪ್ಲಾಸ್ಟಿಕ್ ಬಾಕ್ಸಿಗೆ ತುರುಕಿ "ಫುಲ್ ವಾಟರ್‌ಪ್ರೂಫ್, ಐಪಿ65, ಸೀದಾ ಕಂಬಕ್ಕೆ ಕಟ್ಟಿ" ಅಂತ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಮ್ಮ ಸಮಿತಿಯ ಕಮಾನಿಗೆ ಬಂದದ್ದೂ ಅಂಥದ್ದೇ. ಒಂದು ಬಾಕ್ಸಿಗೆ 4,500 ರೂಪಾಯಿ. ನವರಾತ್ರಿಯಲ್ಲಿ ಸಂಜೆ ಗುಡುಗು ಮಳೆ ಬಂತು, ಅಷ್ಟೇ. ಅಕ್ಟೋಬರ್‌ನಲ್ಲಿ ಇಲ್ಲಿ ಸಂಜೆ ಮಳೆ ಬರ್ತದೆ ಅಂತ ಮಾರಿದವನಿಗೂ ಗೊತ್ತಿಲ್ಲದ್ದಲ್ಲ.

ಮೊದಲು ಬಣ್ಣ ಕೆಟ್ಟಿತು. ಕೆಂಪು ಇರಬೇಕಾದಲ್ಲಿ ಹಸಿರು, ನಡುನಡುವೆ ಬಿಳಿ ಮಿಂಚು. ಆಮೇಲೆ ಅರ್ಧ ಕಮಾನು ಕತ್ತಲೆ. ಪೂಜೆಗೆ ಬಂದವರೆಲ್ಲ ತಲೆ ಎತ್ತಿ ನೋಡಿಕೊಂಡು ಹೋದರು. ಊರವರ ಹತ್ತಿರ ಚಂದಾ ಎತ್ತಿ ಹಾಕಿಸಿದ ಲೈಟು ಅದು. ನಾಚಿಕೆಯಿಂದ ತಲೆ ಎತ್ತಲಿಕ್ಕೆ ಆಗಲಿಲ್ಲ.

ಮೇನ್ ಆಫ್ ಮಾಡಿ ಮುಚ್ಚಳ ತೆಗೆದಾಗ ಕಂಡದ್ದನ್ನು ಒಂದೊಂದಾಗಿ ಹೇಳ್ತೇನೆ, ಯಾಕೆಂದರೆ ನಿಮ್ಮ ಬಾಕ್ಸಿನಲ್ಲೂ ಇದೇ ಇರಬಹುದು. ತಳದಲ್ಲಿ ನೀರು ನಿಂತಿತ್ತು. ವಯರ್ ಒಳಗೆ ಬರುವ ತೂತುಗಳು ಬಾಕ್ಸಿನ ಮೇಲಿನ ಬದಿಗೆ. ಮೇಲಿನ ಬದಿಗೆ! ಪಿಕ್ಸೆಲ್‌ನ ಮೂರೆಳೆಯ ಚಪ್ಪಟೆ ವಯರು ಮೂರು ಸಾಲಿನದ್ದು, ಎಲ್ಲ ಸೇರಿಸಿ ಒಂದೇ ಪಿಜಿ11 ಅಳತೆಯ ಗ್ಲ್ಯಾಂಡಿನಲ್ಲಿ (ತೂತಿಗೆ ಹಾಕಿ ಕೇಬಲ್ಲಿನ ಸುತ್ತ ಬಿಗಿಯುವ ಬಿರಡೆ) ತೂರಿಸಿ, ಸಂದಿಗೆ ಗ್ಲೂ ಗನ್ನಿನ ಅಂಟು ಸುರಿದಿದ್ದ. ಗ್ಲ್ಯಾಂಡ್ ಒಳಗಿನ ರಬ್ಬರು ದುಂಡಗಿನ ಒಂದೇ ಕೇಬಲ್ಲಿನ ಸುತ್ತ ಹಿಡಿಯಲಿಕ್ಕೆ ಮಾಡಿದ್ದು. ಚಪ್ಪಟೆ ವಯರ್ ಹಾಕಿದರೆ ಎರಡು ಬದಿ ಸಂದಿ ಉಳಿದೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಅಷ್ಟೇ. ಗ್ಲೂ ಗನ್ನಿನ ಅಂಟು ಪಿವಿಸಿ ವಯರಿಗೆ ಸರಿಯಾಗಿ ಹಿಡಿಯುವುದೂ ಇಲ್ಲ. ಬಿಸಿಲಿಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ.

ಬೋರ್ಡನ್ನು ಬಾಕ್ಸಿನ ಹಿಂಬದಿಗೇ ನೇರ ಸ್ಕ್ರೂ ಹೊಡೆದು ಕೂರಿಸಿದ್ದ, ಸ್ಕ್ರೂವಿನ ಮೊನೆ ಹೊರಗೆ ಕಾಣ್ತಿತ್ತು. ಅಲ್ಲಿಂದಲೂ ನೀರು. ಸ್ಕ್ರೂ ಸಾದಾ ಕಬ್ಬಿಣದ್ದು, ಕಡಲ ಗಾಳಿಗೆ ಆಗಲೇ ತುಕ್ಕು. ಮುಚ್ಚಳದ ಅಂಚಿಗೆ ಬಳಿದ ಸಿಲಿಕಾನು ವಿನೆಗರ್ ವಾಸನೆ ಬರುವ ಜಾತಿಯದ್ದು. ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಮುಚ್ಚಿದ ಬಾಕ್ಸಿನೊಳಗೆ ಆ ಆಸಿಡ್ ಹೋಗುವುದೆಲ್ಲಿಗೆ? ತಾಮ್ರಕ್ಕೇ. ಪ್ಲಸ್ 12 ವೋಲ್ಟಿನ ಟರ್ಮಿನಲ್ ಹಸಿರು ಹಿಡಿದು ವಯರಿನ ಎಳೆ ಪುಡಿಪುಡಿ. ಪಕ್ಕದಲ್ಲೇ ಡೇಟಾ ಟರ್ಮಿನಲ್, ಯಾವ ಬಲ್ಬಿಗೆ ಯಾವ ಬಣ್ಣ ಅಂತ ಸಿಗ್ನಲ್ ಹೋಗುವುದು ಅದರಿಂದ. ನಡುವೆ ಉಪ್ಪು ತೇವ ಕೂತರೆ ಪ್ಲಸ್‌ನಿಂದ ಡೇಟಾಕ್ಕೆ ಕರೆಂಟ್ ಜಿನುಗಿ ಸಿಗ್ನಲ್ ಕೆಡುತ್ತದೆ. ಬಣ್ಣ ತಪ್ಪಿದ್ದು ಅದಕ್ಕೇ.

ಇಷ್ಟಾದರೆ ಮೋಸ ಅಂತ ಸುಮ್ಮನಾಗಬಹುದಿತ್ತು. ಎಸ್‌ಎಂಪಿಎಸ್ ನೋಡಿದಾಗ ಮೈ ಉರಿದುಹೋಯಿತು. ಒಳಾಂಗಣಕ್ಕೆ ಹಾಕುವ ಜಾಲರಿ ಮೈಯ ಫ್ಯಾನ್ ಇರುವ 350 ವ್ಯಾಟಿನದ್ದು, ಗಾಳಿಯಾಡದ ಬಾಕ್ಸಿನೊಳಗೆ. ಅದರ 230 ವೋಲ್ಟಿನ ಟರ್ಮಿನಲ್ ನಿಂತ ನೀರಿಗಿಂತ ಬೆರಳಗಲ ಮೇಲೆ. ಅರ್ಥ್ ವಯರನ್ನು ಕತ್ತರಿಸಿ, ಟೇಪು ಸುತ್ತಿ, ಮೂಲೆಗೆ ಮಡಚಿ ಇಟ್ಟಿದ್ದ. ಕಬ್ಬಿಣದ ಕಮಾನು ಅದು ಮಾರಾಯ್ರೆ! ಅದರ ಕಾಲು ಹಿಡಿದುಕೊಂಡೇ ಮಕ್ಕಳು ನಿಲ್ಲುವುದು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇತ್ತು. ಅದಿಲ್ಲದ ಕಡೆಗೆ ಇದೇ ಬಾಕ್ಸ್ ಹೋಗಿದ್ದರೆ?

ಇನ್ನು ಬಾಕ್ಸ್ ಮಾರಿದವನ ಉತ್ತರಗಳು.

"ಬಾಕ್ಸಿನ ಮೇಲೆಯೇ ಐಪಿ65 ಅಂತ ಬರ್ದುಂಟಲ್ಲ ಅಣ್ಣಾ." ಹೌದು, ಬರೆದುಂಟು. ಅದು ಕಂಪೆನಿಯಿಂದ ಬಂದ ಖಾಲಿ ಬಾಕ್ಸಿಗೆ. 6 ಅಂದರೆ ಧೂಳು ಒಳಹೋಗದು, 5 ಅಂದರೆ ಪೈಪಿನಿಂದ ಬಿಟ್ಟ ನೀರನ್ನು ತಡೆಯುತ್ತದೆ. ಡ್ರಿಲ್ ಇಟ್ಟ ಕ್ಷಣಕ್ಕೆ ಆ ಮಾತು ಮುಗಿಯಿತು, ಆ ತೂತನ್ನು ಅಷ್ಟೇ ಭದ್ರವಾಗಿ ಮುಚ್ಚುವವರೆಗೆ. ಕೊಡೆಗೆ ತೂತು ಮಾಡಿ ಕಂಪೆನಿ ಹೆಸರು ತೋರಿಸಿದ ಹಾಗಾಯ್ತು ಇದು.

"ನೀರು ಹೊರಗಿಂದ ಬಂದದ್ದಲ್ಲ ಅಣ್ಣಾ, ಒಳಗೇ ಬೆವರಿದ್ದು. ಎಲ್ಲರದ್ದೂ ಹಾಗೇ." ಇದನ್ನು ಕೇಳಿ ಇನ್ನೂ ಸಿಟ್ಟು ಬಂತು. ಬೆವರಿಸಿದ್ದು ಯಾರು? 350 ವ್ಯಾಟಿನ ಎಸ್‌ಎಂಪಿಎಸ್ ಮುಕ್ಕಾಲು ಲೋಡಿನಲ್ಲಿ ಓಡಿದರೆ 40 ವ್ಯಾಟಿನ ಆಸುಪಾಸು ಬರೇ ಶಾಖ. ಮುಚ್ಚಿದ ಬಾಕ್ಸಿನ ಗಾಳಿ ಸುಲಭದಲ್ಲಿ 60 ಡಿಗ್ರಿ ಮುಟ್ಟುತ್ತದೆ. ಮೇಲಿಂದ ಮಳೆ ಬಿದ್ದು 25ಕ್ಕೆ ಇಳಿದರೆ ಒಳಗಿನ ಗಾಳಿ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ, ಅಷ್ಟನ್ನು ಸಂದಿಯಿಂದ ಎಳೆದುಕೊಳ್ಳುತ್ತದೆ. ಸಂದಿಯಲ್ಲಿ ನಿಂತ ನೀರನ್ನೂ ಸೇರಿಸಿ. ದಿನಾ ಬಿಸಿ, ದಿನಾ ತಂಪು, ದಿನಾ ಒಂದಿಷ್ಟು ನೀರು. ಎಸ್‌ಎಂಪಿಎಸ್ ಅದೇ ಬಾಕ್ಸಿನಲ್ಲಿ ಇಲ್ಲದಿದ್ದರೆ ಇಷ್ಟು ಆಗುತ್ತಲೇ ಇರಲಿಲ್ಲ. ಅವನು ಒಳಗೆ ಹಾಕಿದ ಸಿಲಿಕಾ ಜೆಲ್ ಪೊಟ್ಟಣಕ್ಕೆ ಕರಾವಳಿಯ ತೇವದಲ್ಲಿ ಆಯುಷ್ಯವೇ ಇಲ್ಲ.

"ನೀವು ಬಾಕ್ಸ್ ಓಪನ್ ಮಾಡಿದ್ದೀರಿ, ಇನ್ನು ವಾರಂಟಿ ಬರುದಿಲ್ಲ." ತೆರೆಯದಿದ್ದರೆ ಅರ್ಥ್ ಇಲ್ಲದ್ದು ಗೊತ್ತಾಗುತ್ತಿತ್ತಾ? ಅರ್ಥ್ ಯಾಕೆ ಕತ್ತರಿಸಿದ್ದು ಅಂತ ಕೇಳಿದ್ದಕ್ಕೆ ಬಂದ ಉತ್ತರ ಇದು: "ಅರ್ಥ್ ಕೊಟ್ರೆ ಟ್ರಿಪ್ ಆಗ್ತದೆ ಅಣ್ಣಾ, ಕಸ್ಟಮರ್ ಕಂಪ್ಲೇಂಟ್ ಮಾಡ್ತಾರೆ." ಟ್ರಿಪ್ ಆಗುವುದು ಸೋರಿಕೆ ಇದೆ ಅಂತ. ಸೋರಿಕೆ ಇದೆ ಅಂತ ಗೊತ್ತಿದ್ದೇ ಅರ್ಥ್ ಕತ್ತರಿಸಿದ್ದಾನೆ. ಅದಾದ ಮೇಲೆ ಫೋನೇ ಎತ್ತಲಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಕ್ಕೆ ಒಂದು ಕೈಮುಗಿದ ಚಿತ್ರ ಬಂತು, ದುಡ್ಡು ಬರಲಿಲ್ಲ.

ಇನ್ನು ಕೊಳ್ಳುವವರು, ಮಾಡಿಸುವವರು ನೋಡಬೇಕಾದದ್ದು. ಎಸ್‌ಎಂಪಿಎಸ್ ಬೇರೆ ಇರಲಿ: ಎಪಾಕ್ಸಿ ಅಥವಾ ಸಿಲಿಕಾನ್ ತುಂಬಿದ ಅಲ್ಯೂಮಿನಿಯಂ ಮೈಯ ಐಪಿ67 ಜಾತಿಯದ್ದು, ಬಾಕ್ಸಿನ ಹೊರಗೆ, ಗಾಳಿ ಆಡುವ ಕಡೆ. 'ರೇನ್‌ಪ್ರೂಫ್' ಅಂತ ಬರುವ ಜಾಲರಿಯದ್ದು ಆಗಬಹುದು, ಆದರೆ ಅದನ್ನು ಟರ್ಮಿನಲ್ ಬದಿ ಕೆಳಗೆ ಮಾಡಿ ನೆಟ್ಟಗೆ ತೂಗಹಾಕಿದರೆ ಮಾತ್ರ ಮಳೆ ತಡೆಯುತ್ತದೆ. ಮಲಗಿಸಿ ಇಟ್ಟರೆ ಇಲ್ಲ.

ಬಾಕ್ಸಿನಲ್ಲಿ ಬೋರ್ಡು ಮತ್ತು ಫ್ಯೂಸ್ ಮಾತ್ರ. ಒಳಗೆ ಬೇರೆ ಪ್ಲೇಟ್ ಇರುವ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಬಾಕ್ಸ್ ತಗೊಳ್ಳಿ, ಬೋರ್ಡನ್ನು 10 ಮಿ.ಮೀ. ನೈಲಾನ್ ಸ್ಪೇಸರ್ ಮೇಲೆ ಆ ಪ್ಲೇಟಿಗೆ ಕೂರಿಸಿ. ಹಿಂಬದಿ ಗೋಡೆಗೆ ತೂತು ಬೇಡವೇ ಬೇಡ. ವೈಫೈ ಇರುವ ಇಎಸ್‌ಪಿ32 ಬೋರ್ಡಾದರೆ ಲೋಹದ ಬಾಕ್ಸ್ ಬೇಡ, ಸಿಗ್ನಲ್ ಸಿಗುವುದಿಲ್ಲ.

ಎಲ್ಲ ತೂತೂ ತಳಕ್ಕೆ. ಒಂದು ಕೇಬಲ್ಲಿಗೆ ಒಂದು ಗ್ಲ್ಯಾಂಡ್. ಪಿಜಿ9 ಗ್ಲ್ಯಾಂಡಿನ ಥ್ರೆಡ್ 15.2 ಮಿ.ಮೀ., ಅದು 4ರಿಂದ 8 ಮಿ.ಮೀ. ದಪ್ಪದ ಕೇಬಲ್ ಹಿಡಿಯುತ್ತದೆ. ಪಿಜಿ11ರ ಥ್ರೆಡ್ 18.6, ಕೇಬಲ್ 5ರಿಂದ 10. ಸ್ಟೆಪ್ ಡ್ರಿಲ್ ಬಿಟ್‌ನಿಂದ ಕೊರೆಯಿರಿ, ಸಾದಾ ಬಿಟ್ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಚಪ್ಪಟೆ ಪಿಕ್ಸೆಲ್ ವಯರನ್ನು ಹೊರಗೇ ದುಂಡಗಿನ ಮೂರೆಳೆ ಕೇಬಲ್ಲಿಗೆ ವಾಟರ್‌ಪ್ರೂಫ್ ಕನೆಕ್ಟರಿನಲ್ಲಿ ಜೋಡಿಸಿ, ಆ ದುಂಡು ಕೇಬಲ್ ಮಾತ್ರ ಗ್ಲ್ಯಾಂಡಿಗೆ. ಗ್ಲ್ಯಾಂಡ್ ತಲುಪುವ ಮೊದಲು ಕೇಬಲ್ ಒಮ್ಮೆ ಕೆಳಗೆ ಇಳಿದು ಮತ್ತೆ ಏರಬೇಕು, ಆಗ ಹನಿ ಅಲ್ಲೇ ಉದುರುತ್ತದೆ. ಉಪಯೋಗಿಸದ ತೂತಿಗೆ ಪ್ಲಗ್ ಹಾಕಿ. ತಳದಲ್ಲಿ ಉಸಿರಾಡುವ ವೆಂಟ್ ಪ್ಲಗ್ ಒಂದು ಇದ್ದರೆ ಒಳ್ಳೆಯದು. ಅದು ಸಿಗದಿದ್ದರೆ 4 ಮಿ.ಮೀ. ತೂತು ಮಾಡಿ ಸಣ್ಣ ಜಾಲರಿ ಅಂಟಿಸಿ. ಜಾಲರಿ ಬಿಟ್ಟರೆ ಇರುವೆ ಗೂಡು ಕಟ್ಟುತ್ತದೆ, ಮಳೆಗಾಲದ ನಂತರ ತೆಗೆದು ನೋಡಿದವರಿಗೆ ಗೊತ್ತು.

ಸಿಲಿಕಾನ್ ಹಾಕಲೇಬೇಕಾದರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆಸಿಡ್ ಬಿಡದ್ದು) ಅಂತ ಬರೆದದ್ದೇ ತನ್ನಿ. ಮುಚ್ಚಳದ ಸ್ಕ್ರೂ ಸ್ಟೈನ್‌ಲೆಸ್ ಆಗಿರಲಿ, ಎದುರುಬದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಎರಡು ಕೋಟ್, ಆದರೆ ಟರ್ಮಿನಲ್, ಫ್ಯೂಸ್ ಹೋಲ್ಡರ್, ಯುಎಸ್‌ಬಿಗೆ ಮೊದಲೇ ಟೇಪ್ ಹಚ್ಚಿ.

ಬೋರ್ಡ್ ಕೂರಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿ, ಮಾರುವವನ ಕೈಯಿಂದಲೇ, ನಿಮ್ಮೆದುರಿಗೇ. ಗ್ಲ್ಯಾಂಡ್, ಕೇಬಲ್ ಎಲ್ಲ ಬಿಗಿದ ಖಾಲಿ ಬಾಕ್ಸಿನೊಳಗೆ ಟಿಶ್ಯೂ ಪೇಪರ್ ಹಾಸಿ ಮುಚ್ಚಿ, ಕಂಬಕ್ಕೆ ಕಟ್ಟುವ ರೀತಿಯಲ್ಲೇ ನಿಲ್ಲಿಸಿ, ಗಿಡಕ್ಕೆ ನೀರು ಬಿಡುವ ಪೈಪಿನಿಂದ ಎಲ್ಲ ಬದಿಗೆ 10 ನಿಮಿಷ ಹಾರಿಸಬೇಕು. ತೆರೆದಾಗ ಪೇಪರ್ ಒದ್ದೆಯಾದರೆ ಬೇಡ. "ಅದೆಲ್ಲ ಟೈಮ್ ಇಲ್ಲ ಅಣ್ಣಾ" ಅಂದರೂ ಬೇಡ.

ಈಗಾಗಲೇ ಇಂಥ ಬಾಕ್ಸ್ ಕಟ್ಟಿಸಿದ್ದರೆ ಇವತ್ತೇ ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ಹಸಿರು ವಯರ್ ಎಸ್‌ಎಂಪಿಎಸ್‌ನ ಅರ್ಥ್ ಟರ್ಮಿನಲ್ಲಿಗೂ ಕಮಾನಿನ ಕಬ್ಬಿಣಕ್ಕೂ ಸೇರಿದೆಯಾ ನೋಡಿ. ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸದೆ ಲೈಟ್ ಉರಿಸಬೇಡಿ. ನೀರು ಕುಡಿದ ಕಂಟ್ರೋಲರ್ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಹಸಿರಾದ ಟರ್ಮಿನಲ್ ಬದಲಿಸಿದರೆ ಹೆಚ್ಚಿನವು ಉಳಿಯುತ್ತವೆ. ನೀರು ಹೊಕ್ಕ ಎಸ್‌ಎಂಪಿಎಸ್ ಮಾತ್ರ ಬೇಡ. ನಮಗೆ ಮಾರಿದವನು ಕೊನೆಗೆ "ಅದನ್ನು ಒಣಗಿಸಿ ಕೊಡ್ತೇನೆ, 300 ರೂಪಾಯಿ ಕೊಡಿ" ಅಂದಿದ್ದ. ಹಾಗೆ ಒಣಗಿಸಿದ್ದು ಇನ್ಯಾರದ್ದೋ ಬಾಕ್ಸಿಗೆ ಹೋಗಬಾರದು ಅಂತ ಅದನ್ನು ಅವನಿಗೆ ವಾಪಸ್ ಕೊಟ್ಟಿಲ್ಲ.