ಲೇಬಲ್ ಇಲ್ಲದ ‘ಸಾವಯವ’ ಗೊಬ್ಬರ ಗದ್ದೆಗೆ ಇಳಿಸುವ ಮೊದಲು ಇದನ್ನು ಓದಿ

ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಗದ್ದೆ ಮಾಡುವವರು ದಯವಿಟ್ಟು ಗಮನಿಸಿ. ಬೇಸಗೆಯಲ್ಲಿ ಲಾರಿಯಲ್ಲಿ ಬರುವ, ಚೀಲದ ಮೇಲೆ ಹೆಸರು ವಿಳಾಸ ಏನೂ ಇಲ್ಲದ ಕಪ್ಪು ಗೊಬ್ಬರವನ್ನು ಎಷ್ಟು ಕಡಿಮೆಗೆ ಕೊಟ್ಟರೂ ಇಳಿಸಿಕೊಳ್ಳಬೇಡಿ. ನಮ್ಮ ಬೈಲಿನ ಗದ್ದೆಗಳಿಗೆಲ್ಲ ಕೆಲವು ವರ್ಷ ಅದೇ ಬಿದ್ದಿದೆ. ಈಗ ನಮ್ಮ ಅಕ್ಕಿಯಲ್ಲಿ ಕ್ಯಾಡ್ಮಿಯಂ ಎಂಬ ವಿಷದ ಲೋಹ ಇದೆ.

“ಪೂರಾ ಸಾವಯವ ಅಣ್ಣಾ, ಇದರಲ್ಲಿ ವಿಷ ಎಲ್ಲಿಂದ?” ಎಂದಿದ್ದ ತಂದವನು. ಪರೀಕ್ಷೆಯ ಕಾಗದ ಕೇಳಿದಾಗಲೆಲ್ಲ ಮುಂದಿನ ಲೋಡಿನ ಜೊತೆ ತರುತ್ತೇನೆಂದು ಸಾಗಹಾಕಿದ. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಕಾಸರಗೋಡು ಜಿಲ್ಲೆ ನಮ್ಮದು, ಸಾವಯವ ಎಂದರೆ ಇಲ್ಲಿ ಯಾರಿಗಾದರೂ ಸಮಾಧಾನ. ಅದನ್ನೇ ಅವನು ಬಳಸಿಕೊಂಡ. ಉತ್ತ ಮಣ್ಣಿನಲ್ಲಿ ಬ್ಯಾಟರಿ ಸೆಲ್ಲಿನ ತಗಡು, ವಯರಿನ ಚೂರು ಸಿಕ್ಕ ಮೇಲೆಯೇ ಇದು ಪೇಟೆಯ ಬೇರ್ಪಡಿಸದ ಕಸ ಎಂದು ತಿಳಿದದ್ದು. ಎಲೆ, ತರಕಾರಿ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಸದಿಂದ ಮಾಡಿದ ಕಾಂಪೋಸ್ಟಿನ ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಆರ್ಸೆನಿಕ್ 10 ದಾಟಬಾರದು. ಈ ಮೂರು ಅಂಕಿ ಬರೆದ ಕಾಗದ ತೋರಿಸದ ಲಾರಿಯನ್ನು ಗೇಟಿನಿಂದಲೇ ತಿರುಗಿಸಿ.

ಪೈರು ನೋಡಿ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬೆಳೆ ಹಸುರಾಗಿಯೇ ಇತ್ತು, ತೆನೆಯೂ ತುಂಬಿತ್ತು. ಭತ್ತದ ಬೇರು ತನಗೆ ಬೇಕಾದ ಮ್ಯಾಂಗನೀಸನ್ನು ಎಳೆದುಕೊಳ್ಳುವುದು ಒಂದು ಪ್ರೋಟೀನಿನ ಮೂಲಕ. ಕ್ಯಾಡ್ಮಿಯಂ ಕೂಡ ಅದರ ಮೂಲಕವೇ ನುಸುಳಿ ಕಾಳಿಗೆ ಏರುತ್ತದೆ. ಸೀಸ ಹಾಗಲ್ಲ, ಹೆಚ್ಚಿನದು ಮಣ್ಣಿನಲ್ಲೂ ಬೇರಿನಲ್ಲೂ ಉಳಿಯುತ್ತದೆ. ನಮ್ಮ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಬೇರಿಗೆ ಇನ್ನೂ ಸುಲಭವಾಗಿ ಸಿಗುತ್ತದೆ.

ನೀರಿನ ವಿಷಯ ಇನ್ನೂ ಮುಖ್ಯ. ಏಣೆಲಿನಲ್ಲಿ, ಅಂದರೆ ಮಳೆಗಾಲದ ಮೊದಲ ಬೆಳೆಯಲ್ಲಿ, ಗದ್ದೆ ತುಂಬ ನೀರು ನಿಂತಿರುವಾಗ ಕ್ಯಾಡ್ಮಿಯಂ ಗಂಧಕದೊಂದಿಗೆ ಸೇರಿ ಮಣ್ಣಿನಲ್ಲೇ ಕೂರುತ್ತದೆ. ಸುಗ್ಗಿಯಲ್ಲಿ, ಅಂದರೆ ಎರಡನೆಯ ಬೆಳೆಯಲ್ಲಿ, ತೆನೆ ಕಟ್ಟುವ ಹೊತ್ತಿಗೆ ತೋಡಿನ ಕಟ್ಟ ಬತ್ತಿ ಗದ್ದೆ ಒಣಗಿದರೆ ಅದೇ ಲೋಹ ಬಿಡಿಸಿಕೊಂಡು ಬೇರಿಗೆ ಬರುತ್ತದೆ. ನಮ್ಮ ಸುಗ್ಗಿ ಅಕ್ಕಿಯೇ ಪರೀಕ್ಷೆಯಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳುವ ಮಿತಿ, ಕಿಲೋಗೆ 0.4 ಮಿಲಿಗ್ರಾಂ, ದಾಟಿತು. ಹಾಗೆಂದು ಸದಾ ನೀರು ನಿಲ್ಲಿಸಿದರಾಯಿತು ಎನ್ನುವಂತಿಲ್ಲ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ನಿಂತ ನೀರಿನಲ್ಲಿ ಅದು ಕರಗಿ, ಸಿಲಿಕಾನ್ ಹೋಗುವ ದಾರಿಯಲ್ಲೇ ಗಿಡದೊಳಗೆ ಹೋಗುತ್ತದೆ.

ಕುಚ್ಚಲಕ್ಕಿಯ ಗಂಜಿ ತಿಳಿ ಬಗ್ಗಿಸಿದರೆ ವಿಷ ಹೋದೀತು ಎಂದು ಹಿರಿಯರು ಹೇಳಿದರು. ಹೆಚ್ಚು ನೀರಿಟ್ಟು ಬೇಯಿಸಿ ಬಸಿದರೆ ಆರ್ಸೆನಿಕ್ ತಕ್ಕಮಟ್ಟಿಗೆ ಇಳಿಯುತ್ತದೆ ನಿಜ. ಕ್ಯಾಡ್ಮಿಯಂ ಹೆಚ್ಚಾಗಿ ಕಾಳಿನಲ್ಲೇ ಉಳಿಯುತ್ತದೆ. ತಿಂದದ್ದು ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂರುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆ ಇರುವ ಹೆಂಗಸರು ಇದನ್ನು ಹೆಚ್ಚು ಹೀರಿಕೊಳ್ಳುತ್ತಾರೆ. ರಕ್ತ ಕಡಿಮೆ ಇರುವ ನನ್ನ ಅತ್ತಿಗೆ ಅಷ್ಟು ವರ್ಷ ಇದೇ ಅಕ್ಕಿ ಉಂಡದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ಜಪಾನಿನ ಜಿಂಝು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿ ಉಂಡು ಎಲುಬು ಮುರಿದು ನರಳಿದವರೂ ಹೆಚ್ಚಿನವರು ನಡುವಯಸ್ಸು ದಾಟಿದ ಹೆಂಗಸರೇ. ಇತಾಯ್ ಇತಾಯ್ ಎಂಬ ಆ ರೋಗಕ್ಕೆ ಗಣಿಯ ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ.

ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದರ 12 ಅಂಶಗಳಲ್ಲಿ ಹುಳಿ, ಸಾರಜನಕ, ಸತು, ಬೋರಾನ್ ಎಲ್ಲ ಇವೆ. ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಇಲ್ಲ. ನಮ್ಮ ಚೀಟಿಯೂ ಚೆನ್ನಾಗಿಯೇ ಇತ್ತು. ಭಾರಲೋಹದ ಪರೀಕ್ಷೆ ಬೇಕೆಂದು ಬೇರೆಯಾಗಿ ಕೇಳಿ. ಮಣ್ಣು, ಅಕ್ಕಿ ಎರಡನ್ನೂ ಕೊಡಿ.

ಈಗಾಗಲೇ ಆ ಗೊಬ್ಬರ ಬಿದ್ದಿದ್ದರೆ ಬೈಹುಲ್ಲನ್ನು ಹಸುಗಳಿಗೆ ಹಾಕಬೇಡಿ. ಕಾಳಿಗಿಂತ ಹುಲ್ಲಿನಲ್ಲಿ ಲೋಹ ಹೆಚ್ಚಿರುತ್ತದೆ, ಸೆಗಣಿಯಾಗಿ ಮತ್ತೆ ಗದ್ದೆಗೇ ಬರುತ್ತದೆ. ಕೃಷಿಭವನದಲ್ಲಿ (ಊರಿನ ಸರಕಾರಿ ಕೃಷಿ ಕಚೇರಿ) ಕೇಳಿ ಮಣ್ಣಿನ ಹುಳಿಗೆ ತಕ್ಕಷ್ಟು ಸುಣ್ಣ ಹಾಕಿ. ಪರೀಕ್ಷೆಯ ಫಲ ಕೈಗೆ ಬರುವವರೆಗೆ ಆ ಗದ್ದೆಯ ಅಕ್ಕಿಯನ್ನು ಮನೆಯಲ್ಲಿ ಉಣ್ಣಬೇಡಿ, ಮಿಲ್ಲಿಗೂ ಕೊಡಬೇಡಿ.