ಫಿಜಿಯ ಹೊಳೆಯುವ ಬೆವರುಜೇನಿಗೆ ಈ ಕ್ಲಿಪ್ ಲೆನ್ಸ್ ಸಾಕಾ?

ಫೋನಿಗೆ ಸಿಕ್ಕಿಸುವ ಈ ಮ್ಯಾಕ್ರೋ ಲೆನ್ಸ್ ಕೊಂಡಿದ್ದೇ ಫಿಜಿಯ ವಿಟಿ ಲೆವು ದ್ವೀಪದ ಪುಟ್ಟ ಬೆವರುಜೇನುಗಳಿಗಾಗಿ (ಇಂಗ್ಲಿಷಿನಲ್ಲಿ ಸ್ವೆಟ್ ಬೀ ಅನ್ನೋ ಜೇನಿನ ಗುಂಪು). ಲೋಹದಂತೆ ಮಿನುಗುವ ಹಸಿರು ಮೈ ಎಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ನೋಡ್ತಾನೇ ಇರಬೇಕು ಅನಿಸುತ್ತದೆ. ಹೆಣ್ಣುಜೇನು ಹೊಟ್ಟೆಯ ಅಡಿಭಾಗದ ಕೂದಲಲ್ಲಿ ಪರಾಗ ಹೊರುತ್ತದೆ. ಆ ಕೂದಲೂ ಸ್ಪಷ್ಟವಾಗಿ ಕಂಡಿತು. ಇದು ಬೆವರುಜೇನುಗಳಲ್ಲಿ ಹೋಮಾಲಿಕ್ಟಸ್ ಅನ್ನೋ ಕುಲದ್ದು ಅನ್ನೋಕೆ ಅದು ಒಳ್ಳೆಯ ಸುಳಿವು.

ಜಾತಿ ಹೇಳೋದು ಬೇರೆ ಮಾತು. ತಗ್ಗು ಪ್ರದೇಶದಲ್ಲಿ ಜಾಸ್ತಿ ಸಿಗುವುದು ಹೋಮಾಲಿಕ್ಟಸ್ ಫಿಜಿಯೆನ್ಸಿಸ್. ಬೆಟ್ಟದ ನೆತ್ತಿಯಲ್ಲಿ ಬೇರೆಯವೂ ಇವೆ. 2019ರಲ್ಲಿ ಫಿಜಿಯಿಂದ ಈ ಕುಲದ 9 ಹೊಸ ಜಾತಿಗಳನ್ನು ವಿಜ್ಞಾನಿಗಳು ವಿವರಿಸಿದರು. ಸುಮ್ನೆ ಬಣ್ಣ ನೋಡಿ ಹೆಸರು ಬರೆಯಬೇಡಿ. ಗಂಡಿನ ಜನನಾಂಗ, ಡಿಎನ್‌ಎ ನೋಡಬೇಕಾಗುತ್ತದೆ, ಅದು ಯಾವ ಲೆನ್ಸಿಗೂ ಆಗದ ಕೆಲಸ.

ಒಂದು ಕೊರತೆ: ತೀರಾ ಹತ್ತಿರ ಹೋಗಬೇಕು, ಗಾಳಿ ಬೀಸಿದರೆ ಫೋಕಸ್ ತಪ್ಪುತ್ತದೆ. ಹಾಗಾಗಿ ಒಂದೇ ಹೂವಿಗೆ ಹತ್ತಾರು ಫೋಟೋ ತೆಗೆಯಿರಿ.